ಕೂತವರು

ಈ ಯೀಸ್ಟಿಗೆ ಹುಟ್ಟಿನಿಂದಲೇ ಒಂದು ಕೊರತೆ ಉಂಟು:
ಇನಾಸಿಟಾಲ್ ಎಂಬ, ಸಕ್ಕರೆಯ ದಾಯಾದಿಯಂಥ ಒಂದನ್ನು
ತಾನೇ ಮಾಡಿಕೊಳ್ಳಲಾರದು. ನಾವೇ ಉಣಿಸಬೇಕು.
ಇವತ್ತು ಉಣಿಸುವುದಿಲ್ಲ.

ಕೊಣಾಜೆ ಗುಡ್ಡದ ಮೇಲೆ ರಾತ್ರಿ ಒಂಬತ್ತೂವರೆ.
ಮೆಸ್ಕಾಂ ಎರಡು ಸಲ ಕೈಕೊಟ್ಟಿದೆ.
ಜನರೇಟರ್ ಕೆಮ್ಮಿ ಕೆಮ್ಮಿ ಹಿಡಿದುಕೊಂಡ ಮೇಲೆ
ಶೇಕರ್ ಮತ್ತೆ ತಿರುಗುತ್ತಿದೆ, ಮೂವತ್ತು ಡಿಗ್ರಿ.
ಫ್ಲಾಸ್ಕಿನ ಬಾಯಿಗೆ ತುರುಕಿದ ಹತ್ತಿಯಲ್ಲಿ ಶೇಂದಿಯ ವಾಸನೆ,
ಉಬ್ಬಿದ ಉದ್ದಿನ ಹಿಟ್ಟಿನ ವಾಸನೆ.
ನಿನ್ನೆ ಇವಕ್ಕೆ ನೇರಳಾತೀತ ಬೆಳಕು ಬಡಿಸಿದೆ.
ಹತ್ತರಲ್ಲಿ ಆರು ಸತ್ತವು.
ಉಳಿದವುಗಳಲ್ಲಿ ಲಕ್ಷಕ್ಕೊಂದೆರಡು
ಒಳಗೆಲ್ಲೋ ಮುರಿದಿರಬಹುದು.
ಆ ಮುರಿದದ್ದು ನನಗೆ ಬೇಕು.

ಹುಡುಕಬೇಡ, ಅಂದಿದ್ದರು ಮೇಡಂ,
ಹಸಿವಿಗೆ ಬಿಡು, ಅದು ಹೆಕ್ಕಿ ಕೊಡ್ತದೆ.

ಗಟ್ಟಿಯಿದ್ದವು ನಿಲ್ಲುವುದಿಲ್ಲ ನೋಡಿ.
ಚರ್ಮಕ್ಕೆ ಬೇಕಾದ್ದು ಮುಗಿಯಿತು ಎಂದು ಅವಕ್ಕೆ ತಿಳಿಯದು,
ಒಳಗೆ ಸಾಮಾನು ತುಂಬುತ್ತಲೇ ಇರುತ್ತವೆ,
ತುಂಬಿ, ತುಂಬಿ,
ನಾಳೆ ಈ ಹೊತ್ತಿಗೆ ಹತ್ತು ಸಾವಿರಕ್ಕೆ ಒಂದೂ ಇರದು.
ಇನ್ನೊಂದು ಕೊರತೆಯಿದ್ದವು,
ಅಡೆನಿನ್ನೋ ಲ್ಯೂಸಿನ್ನೋ ಮಾಡಲು ಬಾರದವು,
ಬೆಳೆಯಹೊರಟು, ಆಗದೆ, ಸುಮ್ಮನೆ ಕೂರುತ್ತವೆ.
ಕೂತವು ಉಳಿಯುತ್ತವೆ.

ಬೆಂಗ್ರೆಯಲ್ಲಿ ಅಪ್ಪನಿಗೊಂದು ಅಡ್ಡಹೆಸರು, ಕುಲ್ಲುನಾಯೆ.
ಕೂತವನು.
ನಾನು ಹುಟ್ಟುವ ಎರಡು ವರ್ಷ ಮೊದಲು, ಆಟಿ ತಿಂಗಳು.
ಯಂತ್ರದ ಬೋಟುಗಳೆಲ್ಲ ನಿಷೇಧಕ್ಕೆ ತಲೆಬಾಗಿ
ಬಂದರಿನಲ್ಲಿ ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಿದ್ದವು.
ಅಕ್ಕಿಡಬ್ಬದ ತಳ ಕಾಣುತ್ತಿತ್ತು.
ನಾಡದೋಣಿಗೆ ತಡೆಯಿಲ್ಲ.
ಗಂಗಯ್ಯ ಕರ್ಕೇರ, ಅವರ ತಮ್ಮ ಲೋಕು, ನಮ್ಮ ಪದ್ದು ಚಿಕ್ಕಪ್ಪ,
ತೋಳಿದ್ದವರು. ಸೀಗಡಿ ಬಂದಿದೆ ಅಂದರು, ದೋಣಿ ನೂಕಿದರು.
ಅಪ್ಪನೂ ಇಳಿದರು ನೀರಿಗೆ.
ಮೊಣಕಾಲು ಮುಳುಗಿತು. ಸೊಂಟ ಮುಳುಗಲಿಲ್ಲ.
ಯಾಕೆಂದು ಇವತ್ತಿಗೂ ಹೇಳಲಾರರು.
ಹೆದರಿಕೆಯಲ್ಲ ಮಾರಾಯ್ತಿ, ಕಾಲು ಬರಲಿಲ್ಲ, ಅಷ್ಟೆ.
ತಿರುಗಿ ಬಂದು ಹರಿದ ಬಲೆಯ ಮುಂದೆ ಕೂತರು.

ಮೂರನೆಯ ದಿನ ತಣ್ಣೀರುಬಾವಿಯ ಕಡೆ ಒಂದು ಹಲಗೆ ಸಿಕ್ಕಿತು.

ಪದ್ದು ಚಿಕ್ಕಪ್ಪನ ಹೆಂಡತಿ ಜಲಜಕ್ಕ ಈಗಲೂ
ಮೀನು ಮಾರಿ ಬರುವಾಗ ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸುತ್ತಾರೆ,
ನೀರು ಬೆಲ್ಲ ಕೇಳಿ ತೆಗೆದುಕೊಳ್ಳುತ್ತಾರೆ,
ಅಮ್ಮನ ಹತ್ತಿರ ಬಂಗುಡೆಯ ರೇಟು ಮಾತಾಡುತ್ತಾರೆ.
ಅಪ್ಪನ ಮುಖ ನೋಡುವುದಿಲ್ಲ.

ಮರುದಿನ ತೊಳೆದು, ಎಲ್ಲವೂ ಸಿಗುವ ಅಗಾರಿನ ಮೇಲೆ ಹರಡಿದೆ.
ಮೂರು ದಿನಕ್ಕೆ ಬಿಳಿ ಚುಕ್ಕೆ, ಸಾಬಕ್ಕಿಯಷ್ಟು, ನಲವತ್ಮೂರು.
ಹಂಪನಕಟ್ಟೆಯ ಬಟ್ಟೆ ಅಂಗಡಿಯಿಂದ ತಂದ ಮಖಮಲ್ಲು
(ಮದುವೆಯಾ, ಅಂತ ಕೇಳಿದ್ದ ಅಂಗಡಿಯವ, ಹೌದು ಅಂದಿದ್ದೆ)
ಉರುಟಾಗಿ ಕತ್ತರಿಸಿ, ಆವಿಯಲ್ಲಿ ಬೇಯಿಸಿ, ಒಣಗಿಸಿ,
ಅದರ ಮೇಲೆ ತಟ್ಟೆಯನ್ನು ಮುಖ ಅಡಿಯಾಗಿ ಒತ್ತಿದೆ.
ಮತ್ತೆ ಅದೇ ಮಖಮಲ್ಲಿಗೆ ಇನ್ನೊಂದು ತಟ್ಟೆ,
ಇನಾಸಿಟಾಲ್ ಕೊಟ್ಟು ಬೇರೆ ಔತಣವೇನೂ ಇಡದ್ದು.
ಅಲ್ಲಿ ಹತ್ತೊಂಬತ್ತು ಕಡೆ ಏನೂ ಹುಟ್ಟಲಿಲ್ಲ.
ಆ ಹತ್ತೊಂಬತ್ತಕ್ಕೆ ನಂಬರು, ಗ್ಲಿಸರಾಲಿನ ಹೊದಿಕೆ,
ಮೈನಸ್ ಎಂಬತ್ತರಲ್ಲಿ ಕಾಯಂ ಜಾಗ.

ಗೆದ್ದವು ಅಂತ ಬರೆಯಬೇಡ, ಅಂದರು ಮೇಡಂ ಕನ್ನಡಕ ಒರೆಸುತ್ತ,
ಉಳಿದವು ಅಂತ ಬರೆ.

ರಾತ್ರಿ ಫೋನಿನಲ್ಲಿ ಅಪ್ಪ:
ನಿನ್ನ ಯೀಸ್ಟು ಎಂತ ಮಾಡ್ತದೆ?
ಕೂತವು ಉಳಿದವು, ಅಂದೆ.
ಅಂದ ಮೇಲೆ ಕಿವಿಗೆ ಬಿತ್ತು ಅಂದದ್ದು.
ಆಚೆ ತಗಡಿನ ಮೇಲೆ ಮಳೆ, ಬಹಳ ಹೊತ್ತು.
ಮತ್ತೆ ಕೇಳಿದರು, ಹೋದವನ್ನು ಎಂತ ಮಾಡಿದೆ?

ಸಿಂಕಿನ ಪಕ್ಕ
ಫ್ಲಾಸ್ಕುಗಳನ್ನು ತೊಳೆದು ಸಾಲಾಗಿ ಕವುಚಿ ಹಾಕಿದ್ದೆ.